ದೇಶ ಒಡೆಯೋಕೆ ಹೊರಟವನು ದೇಶಭಕ್ತ ಆಗ್ತಾನಾ?

ಪ್ರಶ್ನೆ: ಸರ್, ನಾನು ಬೆಂಗಳೂರಲ್ಲಿ ಐಟಿ ಕಂಪನೀಲಿ ಕೆಲಸ ಮಾಡ್ತೀನಿ, ನಮ್ಮ ಟೀಮಲ್ಲಿ ಅರ್ಧ ಜನ ಅಮೆರಿಕದವರು. ಹೋದ ತಿಂಗಳು ಒಂದಿನ ಕಾಲ್ ಶುರುವಾಗೋಕೆ ಮುಂಚೆ ಹರಟೆ ಹೊಡೀತಿದ್ವಿ. ವರ್ಜೀನಿಯಾದ ಒಬ್ರು ತಮ್ಮ ಪೂರ್ವಜರೊಬ್ರು ಸಿವಿಲ್ ವಾರಲ್ಲಿ ದಕ್ಷಿಣದ ಕಡೆ ಹೋರಾಡಿದ ದೊಡ್ಡ ದೇಶಭಕ್ತ ಅಂದ್ರು, ಒಹಾಯೋದ ಇನ್ನೊಬ್ರು ತಕ್ಷಣ "ದೇಶದ್ರೋಹಿ ಅನ್ನಿ" ಅಂದ್ಬಿಟ್ರು, ಆಮೇಲೆ ಕಾಲ್ ಪೂರ್ತಿ ಇಬ್ರೂ ಮುಖ ಊದಿಸ್ಕೊಂಡಿದ್ರು. ರಾತ್ರಿ ಊಟಕ್ಕೆ ಕೂತಾಗ ಮಾವನವರಿಗೆ ಹೇಳ್ದೆ. "ದೇಶ ಒಡೆಯೋಕೆ ಹೊರಟವನು ದೇಶಭಕ್ತ ಹೇಗಮ್ಮ ಆಗ್ತಾನೆ, ಇದ್ರಲ್ಲಿ ಕೇಳೋದೇನಿದೆ" ಅಂದ್ರು. "ಹಾಗಾದ್ರೆ ವಾಷಿಂಗ್ಟನ್ನೂ ಬ್ರಿಟಿಷ್ ಸಾಮ್ರಾಜ್ಯ ಒಡೆದವನೇ ಅಲ್ವಾ ಮಾವ" ಅಂದೆ. ಅವರು ಮಜ್ಜಿಗೆ ಕುಡಿದು ಎದ್ದು ಹೋದ್ರು. ಯಾರು ಸರಿ ಸರ್?

ಉತ್ತರ: ಮೊದಲು ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ತಿಳ್ಸಿ. ಮಜ್ಜಿಗೆ ಕುಡಿದು ಎದ್ದು ಹೋದ್ರು ಅಂದ್ರೆ ಸೋತ್ರು ಅಂತ ಅಲ್ಲ ತಾಯಿ, ಮೂವತ್ತು ವರ್ಷ ಡಿಗ್ರಿ ಕಾಲೇಜಲ್ಲಿ ಹಿಸ್ಟರಿ ಪಾಠ ಮಾಡಿದ ನಾನೂ ಸ್ಟಾಫ್ ರೂಮಲ್ಲಿ ಎಷ್ಟೋ ಸಲ ಕಾಫಿ ಲೋಟ ಇಟ್ಟು ಹಾಗೇ ಎದ್ದು ಬಂದಿದೀನಿ. ಅವರ ಮಾತಲ್ಲಿ ತೂಕ ಇದೆ, ನಿಮ್ಮ ಮಾತಲ್ಲೂ ಇದೆ. ಆದ್ರೆ ನೀವು ಕೇಳಿದ ವಾಷಿಂಗ್ಟನ್ ಪ್ರಶ್ನೆ ನಿಮಗೆ ಮೊದಲು ಹೊಳೆದಿದ್ದಲ್ಲ, ದಕ್ಷಿಣದವರಿಗೆ 160 ವರ್ಷದ ಹಿಂದೆನೇ ಹೊಳೆದಿತ್ತು, ಅವರು ಅದನ್ನ ಚೆನ್ನಾಗೇ ಬಳಸ್ಕೊಂಡ್ರು ಕೂಡ. 1860-61ರಲ್ಲಿ ದಕ್ಷಿಣದ ಹನ್ನೊಂದು ರಾಜ್ಯಗಳು ಯುನೈಟೆಡ್ ಸ್ಟೇಟ್ಸ್ ಅನ್ನೋ ಒಕ್ಕೂಟ ಬಿಟ್ಟು ಕಾನ್ಫೆಡರಸಿ ಅಂತ ಬೇರೆ ದೇಶ ಮಾಡ್ಕೊಂಡ್ವು, ಅದರಿಂದ ಆಗಿದ್ದೇ 1861-65ರ ಸಿವಿಲ್ ವಾರ್. ಆ ಕಾನ್ಫೆಡರಸಿಯ ಸರ್ಕಾರಿ ಮುದ್ರೆ ಮೇಲೆ ಯಾರ ಚಿತ್ರ ಇತ್ತು ಗೊತ್ತಾ? ಕುದುರೆ ಮೇಲೆ ಕೂತ ಜಾರ್ಜ್ ವಾಷಿಂಗ್ಟನ್! ಅವರ ಅಧ್ಯಕ್ಷ ಜೆಫರ್ಸನ್ ಡೇವಿಸ್ 1862ರಲ್ಲಿ ಪ್ರಮಾಣವಚನ ತಗೊಂಡಿದ್ದು ಫೆಬ್ರವರಿ 22ಕ್ಕೆ, ವಾಷಿಂಗ್ಟನ್ ಹುಟ್ಟಿದ ದಿನ, ಅದೂ ಅವರ ರಾಜಧಾನಿ ರಿಚ್ಮಂಡಲ್ಲಿ ವಾಷಿಂಗ್ಟನ್ ಪ್ರತಿಮೆ ಪಕ್ಕದಲ್ಲೇ. ಅತ್ಲಾಗೆ ಉತ್ತರದವರ ರಾಜಧಾನಿ ಹೆಸರೇ ವಾಷಿಂಗ್ಟನ್. ಒಬ್ಬನೇ ಅಪ್ಪನ ಫೋಟೋ ಇಟ್ಕೊಂಡು ಇಬ್ರು ಅಣ್ಣತಮ್ಮಂದಿರು ಆಸ್ತಿಗೆ ಕೋರ್ಟಿಗೆ ಹೋದ ಹಾಗೆ.

ಹಾಗಾಗಿ "ದೇಶ ಒಡೆದವನು" ಅನ್ನೋ ಅಳತೆಗೋಲು ಒಂದರಿಂದಲೇ ಈ ಜಗಳ ತೀರಲ್ಲ. ಯಾಕಂದ್ರೆ ಒಡೆಯೋಕೆ ಮುಂಚೆ ದೇಶ ಅಂದ್ರೆ ಯಾವುದು ಅನ್ನೋದೇ ಅಲ್ಲಿ ಇತ್ಯರ್ಥ ಆಗಿರ್ಲಿಲ್ಲ. ನಮಗೆ ಇದು ವಿಚಿತ್ರ ಅನ್ನಿಸ್ಬಾರ್ದು. ಬೆಂಗಳೂರಲ್ಲಿ ಮೂವತ್ತು ವರ್ಷ ಇದ್ದು, ಸೈಟ್ ತಗೊಂಡು, ಮನೆ ಕಟ್ಟಿ, ಮಕ್ಕಳ ಮದುವೆ ಮಾಡಿದೋರನ್ನ "ನಿಮ್ಮೂರು ಯಾವ್ದು" ಅಂತ ಕೇಳಿ ನೋಡಿ, ಅರಸೀಕೆರೆ ಅಂತಾರೆ, ಮದ್ದೂರು ಅಂತಾರೆ, ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್ಕಲ್ಲಿ ನಿಂತ್ರೆ ಗೊತ್ತಾಗುತ್ತೆ ಈ ಸಿಟೀಲಿ ಎಷ್ಟು ಜನಕ್ಕೆ ಊರು ಬೇರೆ ಕಡೆ ಇದೆ ಅಂತ. 1861ರ ಅಮೆರಿಕದವನಿಗೆ ಊರು ಅನ್ನೋ ಆ ಭಾವನೆ ತನ್ನ ರಾಜ್ಯದ ಮೇಲಿತ್ತು. "ಮೈ ಕಂಟ್ರಿ" ಅಂತ ವರ್ಜೀನಿಯಾದವನು ಅಂದ್ರೆ ಎಷ್ಟೋ ಸಲ ಅವನ ಮನಸ್ಸಲ್ಲಿದ್ದಿದ್ದು ವರ್ಜೀನಿಯಾ, ಯುನೈಟೆಡ್ ಸ್ಟೇಟ್ಸ್ ಅಲ್ಲ. ನಮ್ಮ ನಾಡಗೀತೇಲಿ ಕರ್ನಾಟಕ ಮಾತೆ ಭಾರತ ಜನನಿಯ ಮಗಳು, ತಾಯಿ ಮಗಳ ಸಂಬಂಧ, ಅದನ್ನ ಸ್ಕೂಲಲ್ಲಿ ಹಾಡ್ಕೊಂಡು ಬೆಳೆದ ನಮಗೆ ಎರಡು ನಿಷ್ಠೆ ಒಂದರೊಳಗೊಂದು ಕೂತಿರುತ್ತೆ, ಅವರಿಗೆ ಅದು ಪಕ್ಕಪಕ್ಕ ಕೂತಿತ್ತು, ಒಂದಿನ ಒಂದನ್ನ ಆರಿಸ್ಕೊಳ್ಳೋ ಪರಿಸ್ಥಿತಿ ಬಂತು.

ಆ ಆಯ್ಕೆಗೆ ಎಲ್ರೂ ಕೊಡೋ ಉದಾಹರಣೆ ರಾಬರ್ಟ್ ಇ. ಲೀ. ಅಮೆರಿಕದ ಸೈನ್ಯದಲ್ಲಿ ಕರ್ನಲ್, ಅಪ್ಪ ವಾಷಿಂಗ್ಟನ್ ಜೊತೆ ಸ್ವಾತಂತ್ರ್ಯ ಯುದ್ಧ ಮಾಡಿದವನು, ಹೆಂಡತಿ ವಾಷಿಂಗ್ಟನ್ನರ ಸಾಕು ಮೊಮ್ಮಗನ ಮಗಳು. 1861ರ ಜನವರೀಲಿ ಮಗನಿಗೆ ಬರೆದ ಪತ್ರದಲ್ಲಿ ಒಕ್ಕೂಟ ಒಡೆಯೋದಕ್ಕಿಂತ ದೊಡ್ಡ ಅನಾಹುತ ಇನ್ನೊಂದಿಲ್ಲ, ಬಿಟ್ಟು ಹೋಗೋದು ಅಂದ್ರೆ ದಂಗೆನೇ ಅಂತ ತಾನೇ ಬರೀತಾನೆ. ಏಪ್ರಿಲ್ 18ಕ್ಕೆ ಉತ್ತರದ ಸೈನ್ಯದ ನಾಯಕತ್ವ ಅವನಿಗೇ ಕೊಡ್ತೀವಿ ಅಂತ ಕರೀತಾರೆ. 20ನೇ ತಾರೀಖು ರಾಜೀನಾಮೆ ಕೊಟ್ಟು ದಕ್ಷಿಣದ ಸೈನ್ಯದ ಕಡೆ ಹೋಗ್ತಾನೆ. ನನ್ನ ನೆಂಟರು, ನನ್ನ ಮಕ್ಕಳು, ನನ್ನ ಮನೆ, ಇವರ ಮೇಲೆ ಕೈ ಎತ್ತಲಾರೆ ಅಂತ.

ಇದನ್ನ ಪಾಠ ಮಾಡಿದಾಗೆಲ್ಲ ಯಾರಾದ್ರೂ ಒಬ್ರು "ಸರ್, ಭೀಷ್ಮ" ಅಂತಿದ್ರು. ಹೌದು, ಹಾಗೇ ಕಾಣುತ್ತೆ, ತಪ್ಪು ಗೊತ್ತಿದ್ದೂ ಅನ್ನದ ಋಣಕ್ಕೆ ಆ ಕಡೆ ನಿಂತ ಹಿರಿಯ, ನಮಗೆ ಅಂಥೋರ ಮೇಲೆ ಒಂದು ಮರುಕ ತಾನಾಗೇ ಬರುತ್ತೆ. ಅದಕ್ಕೇ ನಾನು ಕ್ಲಾಸಲ್ಲಿ ಕೈ ಎತ್ತಿಸ್ತಿದ್ದೆ: ನೀವು ಲೀ ಆಗಿದ್ರೆ ಏನ್ ಮಾಡ್ತಿದ್ರಿ? ಪ್ರತಿ ವರ್ಷ ಮುಕ್ಕಾಲು ಕ್ಲಾಸು ವರ್ಜೀನಿಯಾಗೆ ಕೈ ಎತ್ತೋದು. ಆಮೇಲೆ ಯುಯುತ್ಸುನ ಎಳ್ಕೊಂಡು ಬರ್ತಿದ್ದೆ, ಧೃತರಾಷ್ಟ್ರನ ಮಗನೇ ಆಗಿದ್ದೂ ಯುದ್ಧ ಶುರುವಾಗೋ ಮುಂಚೆ ಪಾಂಡವರ ಕಡೆ ನಡ್ಕೊಂಡು ಹೋದವನು, ಅವನ ಹೆಸರು ಯಾರಿಗೂ ಅಷ್ಟಾಗಿ ನೆನಪಿರಲ್ಲ. ಅಮೆರಿಕದ ಯುಯುತ್ಸು ಜಾರ್ಜ್ ಥಾಮಸ್. ಅವನೂ ವರ್ಜೀನಿಯಾದವನೇ, ಅವನೂ ಅದೇ ಸೈನ್ಯದ ಆಫೀಸರ್ರೇ, ಆದ್ರೆ ತಾನು ಮಾಡಿದ ಪ್ರಮಾಣ ಯುನೈಟೆಡ್ ಸ್ಟೇಟ್ಸ್ ಹೆಸರಲ್ಲಿ ಅಂತ ಅಲ್ಲೇ ಉಳ್ಕೊಂಡ. ಅವನ ಅಕ್ಕತಂಗೀರು ಗೋಡೆ ಮೇಲಿದ್ದ ಅವನ ಚಿತ್ರ ಗೋಡೆ ಕಡೆ ತಿರುಗಿಸಿ ಇಟ್ಬಿಟ್ರು, ಕೊನೇವರೆಗೂ ರಾಜಿ ಆಗ್ಲಿಲ್ಲ ಅಂತ ಹೇಳ್ತಾರೆ. 1863ರಲ್ಲಿ ಚಿಕಮಾಗಾ ಯುದ್ಧದಲ್ಲಿ ಉತ್ತರದ ಸೈನ್ಯ ದಿಕ್ಕಾಪಾಲಾಗಿ ಓಡ್ತಿದ್ದಾಗ ಜಾಗ ಬಿಟ್ಟು ಕದಲದೆ ನಿಂತು "ಚಿಕಮಾಗಾದ ಬಂಡೆ" ಅನ್ನಿಸ್ಕೊಂಡವನು. ಉತ್ತರದ ಇಡೀ ಸೈನ್ಯದ ಮುಖ್ಯಸ್ಥ, ಮುದುಕ ವಿನ್‌ಫೀಲ್ಡ್ ಸ್ಕಾಟ್, ಅವನೂ ವರ್ಜೀನಿಯಾದವನೇ. ಅಂದ್ರೆ "ಊರಿನ ಮೇಲಿನ ಪ್ರೀತಿ, ಪಾಪ ಬೇರೆ ದಾರಿ ಇರ್ಲಿಲ್ಲ" ಅನ್ನೋ ಮಾತು ಲೀ ಬಗ್ಗೆ ಪೂರ್ತಿ ನಿಜ ಅಲ್ಲ. ದಾರಿ ಇತ್ತು, ಅವನ ಹಳೇ ಜೊತೆಗಾರರು ಆ ದಾರೀಲಿ ನಡೆದ್ರು, ಅದಕ್ಕೆ ಬೆಲೇನೂ ತೆತ್ರು.

ಒಂದು ವರ್ಷ ಹೀಗೇ ಚರ್ಚೆ ನಡೀತಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗ, ವರ್ಷ ಪೂರ್ತಿ ಬಾಯಿ ಬಿಡದವನು, ಎದ್ದು ನಿಂತು ಕೇಳ್ದ: "ಸಾರ್, ಲೀ ಮನೇಲಿ ಜೀತಕ್ಕಿದ್ರಲ್ಲ, ವರ್ಜೀನಿಯಾ ಯಾರ್ದು ಅಂತ ಅವರನ್ನ ಯಾರಾದ್ರೂ ಕೇಳಿದ್ರಾ?" ಗುಲಾಮಗಿರಿ ಅಂತ ಪುಸ್ತಕದ ಪದ ಹಾಕ್ಲಿಲ್ಲ ಅವನು, ಜೀತ ಅಂದ. ಎರಡೂ ಒಂದೇ ಅಲ್ಲ ಅಂತ ತಿದ್ದೋಕೆ ಬಾಯಿ ತೆರೆದೆ, ಮುಚ್ಕೊಂಡೆ. ನಿಜ ಹೇಳ್ಬೇಕಂದ್ರೆ ಅಷ್ಟು ವರ್ಷ ಪಾಠ ಮಾಡಿದ್ರೂ ಆ ಪ್ರಶ್ನೇನ ಅಷ್ಟು ನೇರವಾಗಿ ನಾನು ಕೇಳ್ಕೊಂಡಿರ್ಲಿಲ್ಲ, ಮತ್ತೆ ನಿಮಗೆ ಕೊಡೋಕೆ ನನ್ನ ಹತ್ರ ಇರೋ ಉತ್ತರ ಕೂಡ ಅವನ ಪ್ರಶ್ನೇನೇ.

ಲೆಕ್ಕ ನೋಡಿ. 1860ರ ಜನಗಣತೀಲಿ ವರ್ಜೀನಿಯಾದಲ್ಲಿ ಸುಮಾರು 16 ಲಕ್ಷ ಜನ, ಅದ್ರಲ್ಲಿ 4,90,000 ಚಿಲ್ಲರೆ ಗುಲಾಮರು, ಮೂರರಲ್ಲಿ ಒಂದು ಪಾಲಿಗೆ ಹತ್ರ ಹತ್ರ. ಮೊದಲು ಒಕ್ಕೂಟ ಬಿಟ್ಟ ಸೌತ್ ಕ್ಯಾರೋಲೈನಾದಲ್ಲಿ, ಮಿಸಿಸಿಪ್ಪೀಲಿ, ಅರ್ಧಕ್ಕಿಂತ ಜಾಸ್ತಿ ಜನ ಗುಲಾಮರೇ. ಅಂದ್ರೆ "ನಮ್ಮ ರಾಜ್ಯದ ಜನ ಬಿಟ್ಟು ಹೋಗೋಕೆ ತೀರ್ಮಾನ ಮಾಡಿದ್ದಾರೆ" ಅಂತ ಅಲ್ಲಿ ಘೋಷಣೆ ಆದಾಗ ಆ ರಾಜ್ಯದ ಹೆಚ್ಚು ಜನ ಲೆಕ್ಕಕ್ಕೇ ಇರ್ಲಿಲ್ಲ. ಲೀ ಮನೆ ಆರ್ಲಿಂಗ್ಟನ್‌ದೇ ಒಂದು ಕತೆ ಇದೆ. 1861ರಲ್ಲಿ ಯಜಮಾನ್ತಿ ಮನೆ ಬಿಟ್ಟು ಹೊರಡೋವಾಗ ಬೀಗದ ಕೈ ಕೊಟ್ಟು ಹೋಗಿದ್ದು ಸೆಲೀನಾ ಗ್ರೇ ಅನ್ನೋ ಗುಲಾಮ ಹೆಂಗಸಿನ ಕೈಗೆ. ಆ ಮನೇಲಿ ವಾಷಿಂಗ್ಟನ್ ಬಳಸಿದ ಸಾಮಾನುಗಳಿದ್ವು. ಉತ್ತರದ ಸೈನಿಕರು ಬಂದು ಬೀಡುಬಿಟ್ಟಾಗ ಆ ಸಾಮಾನು ಒಂದೊಂದಾಗಿ ಕಳುವಾಗ್ತಿರೋದನ್ನ ನೋಡಿ, ಈಕೆ ಸೈನ್ಯದ ಜನರಲ್ ಹತ್ರ ದೂರು ಹೇಳಿ ಉಳಿದಿದ್ದನ್ನ ಕಾಪಾಡಿಸಿದ್ಲು. ದಕ್ಷಿಣದವರು ಮುದ್ರೆ ಮೇಲೆ ಹಾಕ್ಕೊಂಡ ವಾಷಿಂಗ್ಟನ್‌ನ ವಸ್ತು ಉಳಿಸಿದ್ದು, ಅವರ ಲೆಕ್ಕದಲ್ಲಿ ತಾನೇ ಒಂದು ವಸ್ತು ಆಗಿದ್ದ ಹೆಂಗಸು.

ಈಗ ನಿಮ್ಮ ವಾಷಿಂಗ್ಟನ್ ಪ್ರಶ್ನೆಗೆ ವಾಪಸ್ ಬರ್ತೀನಿ. ವಾಷಿಂಗ್ಟನ್ ಬ್ರಿಟಿಷರನ್ನ ಬಿಟ್ಟಿದ್ದು ತಮಗೆ ಪಾರ್ಲಿಮೆಂಟಲ್ಲಿ ಪ್ರತಿನಿಧಿನೇ ಇಲ್ಲ ಅನ್ನೋ ದೂರಿನ ಮೇಲೆ (ಅವನೂ ಗುಲಾಮರನ್ನ ಇಟ್ಕೊಂಡಿದ್ದವನೇ, ಅದನ್ನ ಮರೆಯೋದು ಬೇಡ). ದಕ್ಷಿಣದವರಿಗೆ ಪ್ರತಿನಿಧಿಗಳಿದ್ರು, ಇರ್ಬೇಕಾದ್ದಕ್ಕಿಂತ ಜಾಸ್ತಿನೇ ಇದ್ರು, ಯಾಕಂದ್ರೆ ಓಟಿಲ್ಲದ ಗುಲಾಮರನ್ನ ಐದರಲ್ಲಿ ಮೂರು ಪಾಲು ಅಂತ ಎಣಿಸಿ ಒಡೆಯರ ರಾಜ್ಯಕ್ಕೆ ಸೀಟು ಕೊಡ್ತಿತ್ತು ಅಲ್ಲಿನ ಸಂವಿಧಾನ. ನೋಡಿ, ಸೀಟಿಗೆ ಲೆಕ್ಕಕ್ಕುಂಟು, ತೀರ್ಮಾನಕ್ಕೆ ಲೆಕ್ಕಕ್ಕಿಲ್ಲ. 1860ರಲ್ಲಿ ಒಂದು ಚುನಾವಣೆ ಸೋತ್ರು ಅಷ್ಟೇ. ಆ ಅಧ್ಯಕ್ಷ ಚುನಾವಣೆ ಗೆದ್ದ ಲಿಂಕನ್ ಇನ್ನೂ ಅಧಿಕಾರ ವಹಿಸ್ಕೊಂಡೇ ಇರ್ಲಿಲ್ಲ, ಏಳು ರಾಜ್ಯ ಹೊರಟಾಗಿತ್ತು. ಯಾಕೆ ಹೊರಟ್ರಿ ಅಂದ್ರೆ ಆಗ ಅವರೇ ಮುಚ್ಚುಮರೆ ಇಲ್ದೆ ಹೇಳಿದ್ರು: ಮಿಸಿಸಿಪ್ಪಿಯ ಘೋಷಣೆ ನಮ್ಮ ನಿಲುವು ಗುಲಾಮಗಿರಿ ಪದ್ಧತಿ ಜೊತೆ ಪೂರ್ತಿ ಬೆಸೆದುಕೊಂಡಿದೆ ಅಂತು, ಅವರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚಲ್ಲಿ ಸವಾನಾ ಊರಲ್ಲಿ ಭಾಷಣ ಮಾಡಿ ಕರಿಯರು ಬಿಳಿಯರಿಗೆ ಸಮ ಅಲ್ಲ ಅನ್ನೋದೇ ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಅಂದ. ಇದೆಲ್ಲ ರಾಜ್ಯಗಳ ಹಕ್ಕಿನ ಹೋರಾಟ ಅನ್ನೋ ಮಾತು ಜೋರಾಗಿದ್ದು ಸೋತ ಮೇಲೆ. ಅದೇ ದಕ್ಷಿಣ 1850ರಲ್ಲಿ, ಓಡಿ ಬಂದ ಗುಲಾಮರನ್ನ ಹಿಡಿದು ಒಪ್ಪಿಸೋಕೆ ಉತ್ತರದ ಜನರೂ ಕೈ ಜೋಡಿಸ್ಬೇಕು ಅಂತ ಕೇಂದ್ರದಿಂದ ಕಾನೂನು ಮಾಡಿಸಿತ್ತು, ಆಗ ಉತ್ತರದ ರಾಜ್ಯಗಳ ಹಕ್ಕು ಎಲ್ಲಿಗೆ ಹೋಗಿತ್ತೋ.

ಇಷ್ಟು ಹೇಳಿದ್ದಕ್ಕೆ ನಿಮ್ಮ ಒಹಾಯೋ ಸಹೋದ್ಯೋಗಿ ಹಿಗ್ಗೋದು ಬೇಡ. ಉತ್ತರದಲ್ಲಿ ದೇಶ ಅಂದ್ರೆ ಏನು ಅನ್ನೋದ್ರ ಬಗ್ಗೆ ಒಮ್ಮತ ಇತ್ತು ಅಂದ್ಕೊಂಡ್ರೆ ತಪ್ಪು. ಸೌತ್ ಕ್ಯಾರೋಲೈನಾದ ಸಮ್ಟರ್ ಕೋಟೆ ಮೇಲೆ ದಕ್ಷಿಣದವರ ಗುಂಡು ಬಿದ್ದು ಯುದ್ಧ ಶುರುವಾದಾಗ ಲಿಂಕನ್ 75,000 ಜನ ಬೇಕು ಅಂದ್ರೆ ಊರೂರಲ್ಲಿ ಬಾವುಟ ಕಟ್ಟಿ, ಬ್ಯಾಂಡ್ ಬಾರ್ಸಿ ಹುಡುಗರು ಹೊರಟ್ರು, ಆದ್ರೆ ಅವರಲ್ಲಿ ಗುಲಾಮರನ್ನ ಬಿಡಿಸೋಕೆ ಅಂತ ಹೊರಟೋರು ಕಮ್ಮಿ. ಒಕ್ಕೂಟ ಉಳೀಬೇಕು, ಅಷ್ಟೇ. ಲಿಂಕನ್ ವಾದ ಏನಂದ್ರೆ, ಓಟಲ್ಲಿ ಸೋತವರು ಬಂದೂಕು ಎತ್ಕೊಂಡು ಹೊರಟ್ರೆ ಜನರ ಸರ್ಕಾರ ಅನ್ನೋದೇ ಲೋಕದಲ್ಲಿ ನಡೆಯಲ್ಲ ಅಂತ ಆಗುತ್ತೆ, ಅದಕ್ಕೆ ಬಿಡೋಕಾಗಲ್ಲ. ಒಳ್ಳೆ ವಾದ. ಆದ್ರೆ ಅದೇ ಲಿಂಕನ್ 1862ರ ಆಗಸ್ಟಲ್ಲಿ ಹೊರೇಸ್ ಗ್ರೀಲಿ ಅನ್ನೋ ಪತ್ರಿಕಾ ಸಂಪಾದಕನಿಗೆ ಬರೀತಾನೆ, ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಸೋಕಾದ್ರೆ ಹಾಗೇ ಮಾಡ್ತೀನಿ ಅಂತ. ಆ ಪತ್ರ ಬರೆಯೋವಾಗ ಗುಲಾಮರ ಬಿಡುಗಡೆ ಘೋಷಣೆಯ ಕರಡು ಅವನ ಮೇಜಿನ ಡ್ರಾನಲ್ಲಿ ರೆಡಿ ಇತ್ತು ಅನ್ನೋದು ಬೇರೆ ವಿಷಯ. ರಾಜಕಾರಣಿ.

ಉತ್ತರದಲ್ಲೇ ಇನ್ನೊಂದು ಗುಂಪಿತ್ತು, ಕಾಪರ್‌ಹೆಡ್ ಅಂತ ಹಾವಿನ ಹೆಸರಲ್ಲಿ ಬೈಸ್ಕೊಳ್ತಿದ್ದ ಡೆಮಾಕ್ರಾಟರು. ಅವರ ಘೋಷಣೆ "ಸಂವಿಧಾನ ಇದ್ದ ಹಾಗೆ, ಒಕ್ಕೂಟ ಮೊದಲಿದ್ದ ಹಾಗೆ". ಯುದ್ಧ ನಿಲ್ಸಿ, ಮಾತಾಡಿ, ಗುಲಾಮರ ತಂಟೆಗೆ ಹೋಗ್ಬೇಡಿ, ಎಲ್ಲ ಹಳೇ ಥರ ಆಗ್ಲಿ. ಇವರಲ್ಲಿ ಫೇಮಸ್ಸು ಕ್ಲೆಮೆಂಟ್ ವಲಾಂಡಿಗಮ್, ನಿಮ್ಮ ಸಹೋದ್ಯೋಗಿಯ ಒಹಾಯೋದವನೇ, ಅವರಿಗೆ ಗೊತ್ತಾ ಕೇಳಿ. 1863ರ ಮೇ ತಿಂಗಳಲ್ಲಿ ಯುದ್ಧದ ವಿರುದ್ಧ ಭಾಷಣ ಮಾಡಿದ್ದಕ್ಕೆ ರಾತ್ರೋರಾತ್ರಿ ಮನೆ ಬಾಗಿಲು ಒಡೆದು ಹಿಡ್ಕೊಂಡು ಹೋದ್ರು, ಸಿವಿಲ್ ಕೋರ್ಟಲ್ಲ, ಮಿಲಿಟರಿ ಕೋರ್ಟಲ್ಲಿ ವಿಚಾರಣೆ. ಜೈಲಲ್ಲಿಟ್ರೆ ಹುತಾತ್ಮ ಆಗ್ತಾನೆ ಅಂತ ಲಿಂಕನ್ ಅವನನ್ನ ಗಡಿ ದಾಟಿಸಿ ದಕ್ಷಿಣಕ್ಕೆ ತಳ್ಳಿಸಿದ. ದಕ್ಷಿಣದವರಿಗೂ ಅವನು ಬೇಕಿರ್ಲಿಲ್ಲ, ಯಾಕಂದ್ರೆ ಅವನು ಒಕ್ಕೂಟ ಬೇಕು ಅನ್ನೋನು. ಹಡಗು ಹತ್ತಿ ಬರ್ಮುಡಾ ಸುತ್ಕೊಂಡು ಕೆನಡಾಗೆ ಹೋಗಿ, ಅಲ್ಲಿ ಕೂತೇ ಒಹಾಯೋ ಗವರ್ನರ್ ಚುನಾವಣೆಗೆ ನಿಂತ, ಲಕ್ಷದ ಹತ್ರ ಓಟಿನ ಅಂತರದಲ್ಲಿ ಸೋತ. ಇವನು ದೇಶಭಕ್ತನಾ, ದ್ರೋಹಿನಾ? ಸಂವಿಧಾನ ಕೊಟ್ಟ ಮಾತಿನ ಹಕ್ಕು ಯುದ್ಧದಲ್ಲೂ ಇರುತ್ತೆ ಅಂದ, ಅದು ಸರಿ ಅಂತ ನನಗನ್ನಿಸುತ್ತೆ. ಲಿಂಕನ್ ಕೊಟ್ಟ ಸಮಜಾಯಿಷಿ, ಸೈನ್ಯ ಬಿಟ್ಟು ಓಡಿದ ಪೆದ್ದು ಹುಡುಗನಿಗೆ ಗುಂಡು ಹೊಡಿಸ್ಬೇಕು, ಓಡು ಅಂತ ಕಿವಿ ಊದಿದವನ ಕೂದಲು ಮುಟ್ಬಾರ್ದಾ ಅನ್ನೋದು, ಕೇಳೋಕೆ ಚೆನ್ನಾಗಿದೆ, ಆದ್ರೆ ಆ ಮಾತನ್ನ ಯಾವ ಸರ್ಕಾರದ ಕೈಗೆ ಕೊಟ್ರೂ ಅಪಾಯನೇ. ವಲಾಂಡಿಗಮ್‌ನ ಐಕ್ಯತೇಲಿ ನನಗೆ ತಕರಾರಿರೋದು ಬೇರೆ ಕಡೆ, ಅವನ "ಮೊದಲಿದ್ದ ಹಾಗೆ"ಯಲ್ಲಿ ನಲವತ್ತು ಲಕ್ಷ ಜನ ಮೊದಲಿದ್ದ ಹಾಗೇ ಸರಪಳೀಲಿ ಇರ್ಬೇಕಿತ್ತು. ಅಣ್ಣತಮ್ಮಂದಿರು ರಾಜಿ ಆಗ್ಲಿ, ಮನೆಗೆಲಸದವರ ವಿಷಯ ಯಾಕೆ ಎತ್ತೋದು ಅಂದ ಹಾಗೆ.

ದಕ್ಷಿಣದ ಒಳಗೂ ಬಿರುಕು. ರಾಜ್ಯದ ಹಕ್ಕು ಅಂತ ಹೊರಟೋರೇ ಉತ್ತರಕ್ಕಿಂತ ಮುಂಚೆ, 1862ರ ಏಪ್ರಿಲಲ್ಲಿ, ಕಡ್ಡಾಯ ಸೈನ್ಯ ಭರ್ತಿ ಕಾನೂನು ತಂದ್ರು, ಆಮೇಲೆ ಇಪ್ಪತ್ತು ಗುಲಾಮರಿರೋ ತೋಟಕ್ಕೆ ಒಬ್ಬ ಬಿಳಿಯನಿಗೆ ವಿನಾಯ್ತಿ ಅಂದ್ರು. ಬಡ ರೈತರು "ಯುದ್ಧ ಸಾಹುಕಾರಂದು, ಸಾಯೋದು ಬಡವ್ರು" ಅಂತ ಮಾತಾಡ್ಕೊಳ್ಳೋಕೆ ಶುರು ಮಾಡಿದ್ರು. ಜಾರ್ಜಿಯಾ ಗವರ್ನರ್ ಜೋಸೆಫ್ ಬ್ರೌನ್ ತಮ್ಮ ರಾಜಧಾನಿ ರಿಚ್ಮಂಡ್ ಜೊತೆನೇ ರಾಜ್ಯದ ಹಕ್ಕಿನ ಮೇಲೆ ಜಗಳಕ್ಕೆ ನಿಂತ. 1863ರ ಏಪ್ರಿಲ್ 2ಕ್ಕೆ ಅದೇ ರಿಚ್ಮಂಡಲ್ಲಿ ಹೆಂಗಸರು ಬ್ರೆಡ್ಡಿಗೋಸ್ಕರ ಅಂಗಡಿ ಒಡೆದ್ರು. ವರ್ಜೀನಿಯಾದ ಪಶ್ಚಿಮದ ಬೆಟ್ಟಸೀಮೆಯವರಂತೂ ನೀವು ದೇಶ ಬಿಟ್ರೆ ನಾವು ನಿಮ್ಮನ್ನ ಬಿಡ್ತೀವಿ ಅಂತ ಹೊರಬಂದು 1863ರ ಜೂನ್ 20ಕ್ಕೆ ವೆಸ್ಟ್ ವರ್ಜೀನಿಯಾ ಅಂತ ಬೇರೆ ರಾಜ್ಯನೇ ಮಾಡ್ಕೊಂಡ್ರು. ದಕ್ಷಿಣದವರು ನಂಬ್ಕೊಂಡಿದ್ದಿದ್ದು ಹತ್ತೀನ, ಹತ್ತಿ ಇಲ್ದೆ ಇಂಗ್ಲೆಂಡಿನ ಮಿಲ್ಲು ನಿಲ್ಲುತ್ತೆ, ನಮ್ಮ ಕಾಲಿಗೆ ಬೀಳ್ತಾರೆ ಅಂತ. ಅವರು ಹತ್ತಿಗೆ ಇಲ್ಲಿಗೆ ಬಂದ್ರು! ಆ ನಾಲ್ಕು ವರ್ಷ ನಮ್ಮ ಧಾರವಾಡ ಸೀಮೆ ಹತ್ತಿಗೆ ಬಂದ ರೇಟು ಅದಕ್ಕೆ ಮುಂಚೆ ಯಾರೂ ಕಂಡಿರ್ಲಿಲ್ಲ, ಅಮೆರಿಕದ ಬೀಜದಿಂದ ಬೆಳೆದ ತಳಿಗೆ ಧಾರವಾಡ್ ಅಮೆರಿಕನ್ ಅಂತಲೇ ಹೆಸರು. ಅವರ ಮನೆ ಜಗಳ ನಮ್ಮ ಎರೆಹೊಲಕ್ಕೆ ಲಾಭ ಆಯ್ತು, ಯುದ್ಧ ಮುಗಿದ ತಕ್ಷಣ ರೇಟು ಬಿತ್ತು, ಅದೂ ಆಯ್ತು.

ಈ ಎಲ್ಲರ ಮಧ್ಯೆ ದೇಶಭಕ್ತಿ ಅನ್ನೋ ಪದಕ್ಕೆ ನಿಜವಾಗಿ ಕಷ್ಟಪಟ್ಟವನು ಅಂತ ನಾನು ಹೇಳೋದು ಫ್ರೆಡರಿಕ್ ಡಗ್ಲಸ್‌ನ. ಮೇರಿಲ್ಯಾಂಡಲ್ಲಿ ಗುಲಾಮನಾಗಿ ಹುಟ್ಟಿ 1838ರಲ್ಲಿ ತಪ್ಪಿಸ್ಕೊಂಡು ಓಡಿ ಬಂದವನು. 1852ರ ಜುಲೈ 5ಕ್ಕೆ ರಾಚೆಸ್ಟರ್ ಊರಲ್ಲಿ ಸ್ವಾತಂತ್ರ್ಯ ದಿನದ ಭಾಷಣಕ್ಕೆ ಕರೆದ್ರೆ, ಈ ಹಬ್ಬ ನಿಮ್ದು, ನಂದಲ್ಲ, ನೀವು ಸಂಭ್ರಮ ಪಡಿ, ನಾನು ಅಳ್ಬೇಕು ಅಂತ ಮುಖಕ್ಕೆ ಹೊಡೆದ ಹಾಗೆ ಹೇಳ್ದ. ಇಂಥ ಮಾತಾಡಿದವನನ್ನ ಯಾವ ದೇಶದಲ್ಲಾದ್ರೂ ದೇಶಭಕ್ತ ಅಂತಾರಾ? ಆದ್ರೆ ಅದೇ ಭಾಷಣದಲ್ಲಿ ಸ್ವಾತಂತ್ರ್ಯ ಘೋಷಿಸಿದ 1776ರ ಹಿರಿಯರನ್ನ ಧೈರ್ಯವಂತರು ಅಂತ ಹೊಗಳ್ತಾನೆ, ಅವರ ಮಾತಿಗೆ ನೀವೇ ಮೋಸ ಮಾಡ್ತಿದೀರಿ ಅಂತಾನೆ. ಆಮೇಲೆ ಯುದ್ಧ ಬಂತು, 1863ರ ಜನವರಿ 1ಕ್ಕೆ ಬಿಡುಗಡೆ ಘೋಷಣೆ ಬಂತು, ಡಗ್ಲಸ್ ಊರೂರು ಸುತ್ತಿ ಕರಿಯ ಯುವಕರನ್ನ ಸೈನ್ಯಕ್ಕೆ ಸೇರಿಸ್ದ, ತನ್ನ ಇಬ್ರು ಮಕ್ಕಳು ಲೂಯಿಸ್, ಚಾರ್ಲ್ಸ್‌ನ ಮ್ಯಾಸಚೂಸೆಟ್ಸಿನ 54ನೇ ರೆಜಿಮೆಂಟಿಗೆ ಸೇರಿಸ್ದ. ಒಟ್ಟು ಸುಮಾರು 1,80,000 ಕರಿಯ ಸೈನಿಕರು ಉತ್ತರದ ಸೈನ್ಯದಲ್ಲಿ ಹೋರಾಡಿದ್ರು.

ಅವರ ಸಂಬಳದ ಕತೆ ಕೇಳಿ. ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರು. ಕರಿಯನಿಗೆ 10, ಅದ್ರಲ್ಲಿ ಬಟ್ಟೆಗೆ ಅಂತ 3 ಹಿಡ್ಕೊಂಡ್ರೆ ಕೈಗೆ 7. 54ನೇ ರೆಜಿಮೆಂಟಿನವರು ಏನ್ ಮಾಡಿದ್ರು ಅಂದ್ರೆ ಸಂಬಳನೇ ಬೇಡ ಅಂದ್ರು. ಕೆಲಸ ಬಿಡ್ಲಿಲ್ಲ, ಬಂದೂಕು ಕೆಳಗಿಡ್ಲಿಲ್ಲ, 1863ರ ಜುಲೈ 18ಕ್ಕೆ ದಕ್ಷಿಣದವರ ವ್ಯಾಗ್ನರ್ ಕೋಟೆ ಮೇಲೆ ನುಗ್ಗಿ ಕಂಡಾಪಟ್ಟೆ ಜನ ಸತ್ರು, ಆಗ್ಲೂ ಸರಿಯಾದ ಸಂಬಳ ಇಲ್ಲ, ಮ್ಯಾಸಚೂಸೆಟ್ಸ್ ರಾಜ್ಯ ವ್ಯತ್ಯಾಸದ ದುಡ್ಡು ತಾನು ತುಂಬಿಕೊಡ್ತೀನಿ ಅಂದ್ರೂ ಬೇಡ ಅಂದ್ರು, ದುಡ್ಡಿನ ವಿಷಯ ಅಲ್ಲ, ನೀವು ನಮ್ಮನ್ನ ಸೈನಿಕರು ಅಂತ ಒಪ್ಕೊಳ್ಳಿ ಅನ್ನೋದು ಅವರ ಹಟ. ಮನೇಲಿ ಹೆಂಡತಿ ಮಕ್ಕಳು ಸಾಲ ಮಾಡ್ಕೊಂಡು ಬದುಕ್ತಿದ್ರು. 1864ರ ಜೂನಲ್ಲಿ ಕಾಂಗ್ರೆಸ್ಸು, ಅಂದ್ರೆ ಅಲ್ಲಿನ ಸಂಸತ್ತು, ಸಮ ಸಂಬಳದ ಕಾನೂನು ಮಾಡ್ತು. ತಮ್ಮನ್ನ ಇನ್ನೂ ಪ್ರಜೆ ಅಂತಲೂ ಒಪ್ಪದ ದೇಶಕ್ಕೆ ಪ್ರಾಣ ಕೊಡ್ತಾ, ಅದೇ ದೇಶದ ಜೊತೆ ಜಗಳಾನೂ ಆಡ್ತಾ ಇದ್ರಲ್ಲ, ಲೀ ರಾಜೀನಾಮೆ ಪತ್ರಕ್ಕೆ ಕಣ್ಣೀರಿಡೋ ನನ್ನ ಸ್ಟೂಡೆಂಟ್ಸಿಗೆ ಈ ಭಾಗ ಮಾಡುವಾಗ ಮಾತೇ ಬರ್ತಿರ್ಲಿಲ್ಲ.

ಒಂದು ಸಣ್ಣ ವಿಷಯ, ನನಗೆ ಬಹಳ ಇಷ್ಟದ್ದು: ಬಾವುಟದ ನಕ್ಷತ್ರ. ಹನ್ನೊಂದು ರಾಜ್ಯ ಬಿಟ್ಟು ಹೋದ್ರೂ ಉತ್ತರದವರು ಬಾವುಟದಿಂದ ಒಂದು ನಕ್ಷತ್ರಾನೂ ಕಿತ್ತಾಕ್ಲಿಲ್ಲ. 1861ರ ಜುಲೈಲಿ ಕ್ಯಾನ್ಸಸ್ ಸೇರಿಸಿ 34, ವೆಸ್ಟ್ ವರ್ಜೀನಿಯಾ ಬಂದಾಗ 35. ನೀವು ಹೋಗೇ ಇಲ್ಲ ಅಂತ ಲಿಂಕನ್ ಹಟ. ತಮ್ಮ ಮೇಲೆ ಗುಂಡು ಹೊಡೀತಿದ್ದವರ ನಕ್ಷತ್ರಾನ ಹೊತ್ಕೊಂಡೇ ಆ ಸೈನ್ಯ ನಡೀತು. 1865ರ ಏಪ್ರಿಲ್ 9ಕ್ಕೆ ಅಪೊಮ್ಯಾಟಕ್ಸಲ್ಲಿ ಲೀ ಶರಣಾದ ಸುದ್ದಿ ಕೇಳಿ ಉತ್ತರದವರು ಫಿರಂಗಿ ಹಾರ್ಸೋಕೆ ಶುರು ಮಾಡಿದ್ರೆ ಉತ್ತರದ ಸೇನಾಪತಿ ಗ್ರಾಂಟ್ ನಿಲ್ಲಿಸ್ದ, ಈಗವರು ಮತ್ತೆ ನಮ್ಮವರೇ ಅಂತ, ಸೋತ ರೈತ ಸಿಪಾಯಿಗಳಿಗೆ ಬಿತ್ತನೆ ಮಾಡ್ಕೊಳ್ಳಿ ಅಂತ ಅವರವರ ಕುದುರೇನೂ ಬಿಟ್ಟು ಕಳಿಸ್ದ. ಕಮ್ಮಿ ಅಂದ್ರೂ 6,20,000 ಜನ ಸತ್ತ ಮೇಲೆ, 2011ರ ಒಂದು ಲೆಕ್ಕದಲ್ಲಿ 7,50,000ದ ಹತ್ರ, ಹೀಗೆ ನಡ್ಕೊಳ್ಳೋದು ಸಣ್ಣ ಮಾತಲ್ಲ.

ಆದ್ರೆ ಆಮೇಲೆ ನಡೆದಿದ್ದು ನನಗೆ ಹಿಡಿಸಲ್ಲ. ಸಂವಿಧಾನಕ್ಕೆ ತಿದ್ದುಪಡಿ ಬಂತು, ಗುಲಾಮಗಿರಿ ಹೋಯ್ತು, ಕರಿಯರಿಗೆ 1868ರಲ್ಲಿ ಪೌರತ್ವ, 1870ರಲ್ಲಿ ಓಟಿನ ಹಕ್ಕು, 1869ರಲ್ಲಿ ಸುಪ್ರೀಂ ಕೋರ್ಟು ಒಕ್ಕೂಟ ಒಡೆಯೋಕಾಗಲ್ಲ ಅಂತ ಟೆಕ್ಸಾಸ್ ಕೇಸಲ್ಲಿ ತೀರ್ಪೂ ಕೊಡ್ತು. ಹತ್ತು ಹದಿನೈದು ವರ್ಷದಲ್ಲಿ ಉತ್ತರ ದಕ್ಷಿಣದ ಬಿಳಿಯರು ಕೈ ಕುಲುಕಿದ್ರು, ಇಬ್ರೂ ಶೂರರೇ, ಇಬ್ರೂ ದೇಶಭಕ್ತರೇ ಅಂದ್ಕೊಂಡ್ರು, ಆ ರಾಜೀಲಿ ಕರಿಯರ ಓಟನ್ನ ದಕ್ಷಿಣದ ರಾಜ್ಯಗಳು ಒಂದೊಂದಾಗಿ ಕಿತ್ಕೊಂಡ್ರೆ ಉತ್ತರ ನೋಡ್ಕೊಂಡು ಸುಮ್ನಿತ್ತು. ರಿಚ್ಮಂಡಲ್ಲಿ ಲೀ ಪ್ರತಿಮೆ ನಿಂತಿದ್ದು ಯುದ್ಧ ಮುಗಿದು 25 ವರ್ಷ ಆದ್ಮೇಲೆ, 1890ರಲ್ಲಿ, ಇಳಿಸಿದ್ದು 2021ರಲ್ಲಿ. ನಮ್ಮಲ್ಲೂ ನೃಪತುಂಗ ರಸ್ತೆಗೆ ಹಿಂದೆ ಸೆನೊಟಾಫ್ ರೋಡ್ ಅಂತಿದ್ರು, 1791ರಲ್ಲಿ ಬೆಂಗಳೂರು ಕೋಟೆ ಮುತ್ತಿಗೇಲಿ ಸತ್ತ ಬ್ರಿಟಿಷರ ಸ್ಮಾರಕ ಹಡ್ಸನ್ ಸರ್ಕಲ್ ಹತ್ರ ಇತ್ತು, 1964ರಲ್ಲಿ ತೆಗೆದ್ರು. ಕೋಟೆ ಒಳಗೆ ಸತ್ತವರ ಸ್ಮಾರಕ ಅಲ್ಲಿ ಇರ್ಲಿಲ್ಲ, ಅದು ಯಾರು ಕಟ್ಸಿದ್ದು ಅಂತ ಅಷ್ಟರಲ್ಲೇ ಗೊತ್ತಾಗ್ತಿತ್ತು.

ನಿಮ್ಮ ಮಾವನವರಿಗೆ ಒಂದು ಪಾಯಿಂಟು ಕೊಡ್ತೀನಿ, ಅವರ ಪರವಾಗಿ. 1948ರ ನವೆಂಬರ್ 4ಕ್ಕೆ ಅಂಬೇಡ್ಕರ್ ಅವರು ಸಂವಿಧಾನದ ಕರಡು ಮಂಡಿಸೋವಾಗ ಭಾರತವನ್ನ ಯೂನಿಯನ್ ಅಂತ ಯಾಕೆ ಕರೆದ್ವಿ ಅಂತ ವಿವರಿಸಿದ್ರು: ಇದು ರಾಜ್ಯಗಳು ಒಪ್ಪಂದ ಮಾಡ್ಕೊಂಡು ಆದ ಒಕ್ಕೂಟ ಅಲ್ಲ, ಹಾಗಾಗಿ ಯಾವ ರಾಜ್ಯಕ್ಕೂ ಬಿಟ್ಟು ಹೋಗೋ ಹಕ್ಕಿಲ್ಲ, ಅಮೆರಿಕದವರು ಇದನ್ನ ಸ್ಥಾಪಿಸೋಕೆ ಅಂತರ್ಯುದ್ಧನೇ ಮಾಡ್ಬೇಕಾಯ್ತು, ನಾವು ಮೊದಲೇ ಬರೆದಿಟ್ಬಿಡೋಣ ಅಂತ. ಮಾವನವರು ಹೇಳಿದ್ದೂ ಇದನ್ನೇ. ಆದ್ರೆ ಅದೇ ಅಂಬೇಡ್ಕರ್ ಒಂದು ವರ್ಷ ಆದ್ಮೇಲೆ, 1949ರ ನವೆಂಬರ್ 25ಕ್ಕೆ, ಅದೇ ಸಭೇಲಿ ಇನ್ನೊಂದು ಅಮೆರಿಕದ ಕತೆ ಹೇಳಿದ್ರು. ಅಲ್ಲೊಂದು ಚರ್ಚಿನವರು ಪ್ರಾರ್ಥನೇಲಿ "ದೇವರೇ ನಮ್ಮ ರಾಷ್ಟ್ರವನ್ನ ಹರಸು" ಅಂತ ಸೇರಿಸೋಕೆ ಹೋದ್ರೆ ನೇಷನ್ ಅನ್ನೋ ಪದಕ್ಕೆ ಆಕ್ಷೇಪ ಬಂದು "ಈ ಯುನೈಟೆಡ್ ಸ್ಟೇಟ್ಸನ್ನ ಹರಸು" ಅಂತ ಬದಲಾಯಿಸಿದ್ರಂತೆ. ಅಮೆರಿಕದವರಿಗೇ ತಾವು ಒಂದು ರಾಷ್ಟ್ರ ಅನ್ನಿಸ್ತಿರ್ಲಿಲ್ಲ, ಸಾವಿರಾರು ಜಾತಿಗಳಾಗಿ ಒಡೆದ ನಾವು ಈಗಾಗ್ಲೇ ರಾಷ್ಟ್ರ ಅಂತ ಭ್ರಮೇಲಿ ಇರೋದು ಬೇಡ ಅನ್ನೋದು ಅವರ ಮಾತಿನ ತಿರುಳು. ಗಡಿ ಗಟ್ಟಿ ಮಾಡಿದ ಕೈನೇ ಈ ಮಾತನ್ನೂ ಹೇಳ್ತು. ಹಿಂದಿನ ಬೆಂಚಿನ ಆ ಹುಡುಗ ಕೇಳಿದ್ದೂ ಇದೇ ಜಾತಿಯ ಪ್ರಶ್ನೆ.

ಹಾಗಾಗಿ ವರ್ಜೀನಿಯಾದ ನಿಮ್ಮ ಸಹೋದ್ಯೋಗಿಗೆ ನೀವು ದೇಶಭಕ್ತ ಅಂತಲೂ ಹೇಳ್ಬೇಡಿ, ದ್ರೋಹಿ ಅಂತಲೂ ಹೇಳ್ಬೇಡಿ, ಇನ್ನೊಂದ್ಸಲ ಹರಟೆಗೆ ಕೂತಾಗ ನಿಧಾನಕ್ಕೆ ಮೂರು ವಿಷಯ ಕೇಳಿ. ಆ ಪೂರ್ವಜರು ಯಾವ ಕೌಂಟಿಯವರು, ಬೆಟ್ಟದ ಕಡೆಯವರಾ, ತೋಟಗಳಿದ್ದ ಬಯಲು ಸೀಮೆಯವರಾ. ಸೈನ್ಯಕ್ಕೆ ಸೇರಿದ್ದು 1861ರಲ್ಲಿ ತಾವಾಗೇ ಹೋಗಿನಾ, 1862ರ ಏಪ್ರಿಲ್ ಆದ್ಮೇಲೆ ಕಾನೂನು ಎಳ್ಕೊಂಡು ಹೋಗಿದ್ದಾ. 1860ರ ಜನಗಣತೀಲಿ ಗುಲಾಮರದ್ದೇ ಒಂದು ಬೇರೆ ಪಟ್ಟಿ ಇದೆ, ಒಡೆಯನ ಹೆಸರು ಬರೆದು, ಅದರ ಕೆಳಗೆ ಗುಲಾಮರ ವಯಸ್ಸು, ಗಂಡೋ ಹೆಣ್ಣೋ, ಬಣ್ಣ, ಅಷ್ಟೇ ಬರೆದಿದ್ದಾರೆ, ಹೆಸರು ಬರೆದಿಲ್ಲ. ಆ ಪಟ್ಟೀಲಿ ತಮ್ಮ ಮನೆತನದ ಹೆಸರಿದೆಯಾ ಅಂತ ಅವರು ಯಾವತ್ತಾದ್ರೂ ನೋಡಿದಾರಾ ಕೇಳಿ.